ನೂರು ವೋಲ್ಟಿನ ಚೀಲ

ನೀಗಾತಾ, ಜಪಾನ್
೩ ಡಿಸೆಂಬರ್ ೨೦೨೫

ಸಂಘಮಿತ್ರಾಳ ಅಪ್ಪನವರಿಗೆ,

ಯಶೋಧರಾ ಮಾಡುವ ಜೈ ಭೀಮ್. ನಾನು ಕ್ಷೇಮ. ನೀವು, ಅತ್ತೆ, ಮಗಳು ಹೇಗಿದ್ದೀರಿ ಎಂದು ಕೇಳುವ ಹಕ್ಕು ನನಗೆ ಎಷ್ಟು ಉಳಿದಿದೆಯೋ ತಿಳಿಯದು. ಆದರೂ ಕೇಳುತ್ತಿದ್ದೇನೆ.

ಕೈಯಲ್ಲಿ ಫೋನ್ ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು "ಹಾಂ, ಊಟ ಆತು", "ಅವ್ವ ಅರಾಮ ಅದಾಳ", "ಫೋನ್ ಇಡ್ಲೇನು?" ಎಂದು ಮೂರು ಮಾತಿಗೆ ಮುಗಿಸುತ್ತೀರಿ. ನಾಲ್ಕನೆಯ ಮಾತು ತೆಗೆಯುವ ಧೈರ್ಯ ನನಗೂ ಬಂದಿಲ್ಲ. ಈ ಕಾಗದವನ್ನು ಹತ್ತಿಮತ್ತೂರಿನ ಮನೆಗೆ ಕಳಿಸದೆ ಸವಣೂರಿನಲ್ಲಿ ನಿಮ್ಮ ನಿಯಾಜ್ ಉಸ್ತಾದರ ಅಂಗಡಿ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಬಂದರೆ ಸಂಘಮಿತ್ರಾ ಒಡೆದು ಅಜ್ಜಿಗೆ ಓದಿ ಹೇಳಿಬಿಡುತ್ತಾಳೆ. ಮೊದಲು ನೀವೊಬ್ಬರೇ ಓದಬೇಕು.

ಕಳೆದ ಭಾನುವಾರ ನಮ್ಮ ಹಿತ್ತಲ ಗೋಡೆಯಾಚೆಯ ನುಜಹತ ಆಪಾ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ, "ಯಶೋಧಾ, ನಿಂಗ ಗೊತ್ತೈತೋ ಇಲ್ಲೋ, ನಿಮ್ಮ ಮನಿಯವರು ಅಂಗಡಿ ಬೋರ್ಡ್ ಇಳಿಸ್ಯಾರ. ತಡಸದ ಗೋವಿನಜೋಳದ ಗೋದಾಮಿಗೆ ಚೀಲ ಹೊಲ್ಯಾಕ ಹೊಂಟಾರ. ಮೊನ್ನೆ ನಮ್ಮನಿ ಫ್ಯಾನ್ ತಿರುಗವಲ್ದು ಅಂತ ಕರದ್ರ, 'ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ, ಬ್ಯಾರೆದವರನ್ನ ಕರಸ್ರಿ' ಅಂದ್ರು" ಎಂದರು. ಅವರು ಇನ್ನೂ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ.

ಆ ಬೋರ್ಡನ್ನು ಹಚ್ಚಿದ ದಿನ ನನಗೆ ನೆನಪಿದೆ. ಹನ್ನೆರಡು ವರ್ಷ ಉಸ್ತಾದರ ಕೈಕೆಳಗೆ ಮೋಟರಿಗೆ ತಾಮ್ರದ ತಂತಿ ಸುತ್ತಿ ಕಲಿತು, ನೀವು ನಮ್ಮೂರ ದೊಡ್ಡ ರಸ್ತೆಯಲ್ಲಿ ಸ್ವಂತ ಅಂಗಡಿ ತೆಗೆದಿರಿ. ನಮ್ಮ ಓಣಿಯ ಗಂಡಸರನ್ನು ಹಿತ್ತಲ ಬಾಗಿಲಿಗಷ್ಟೇ ಕರೆಯುತ್ತಿದ್ದ ಮನೆಗಳು, ಬೋರಿನ ಮೋಟರ್ ಸುಟ್ಟುಹೋದಾಗ ನಿಮ್ಮನ್ನು ಮುಂಬಾಗಿಲಿನಿಂದ ಕರೆದು ಕುರ್ಚಿ ಹಾಕಿದವು. ನೀವು ಅದನ್ನು ಎಂದೂ ಆಡಿ ತೋರಿಸಲಿಲ್ಲ. ಮಾವ ಗುತ್ತೆಪ್ಪನವರು ಮಾತ್ರ ಸಾಯುವತನಕ ಹೇಳಿಕೊಂಡು ತಿರುಗಿದರು. ಆ ಕೈಯ ಮೇಲೆ ನಿಮಗೆ ನಂಬಿಕೆ ಇಲ್ಲದಂತೆ ಮಾಡಿದವಳು ನಾನು. ಇದನ್ನು ಹೇಳುವುದಕ್ಕೇ ಈ ಕಾಗದ. ಅತ್ತೆಯ ಕಾಲು ಸುಟ್ಟದ್ದು ನಿಮ್ಮ ಮರೆವಿನಿಂದ ಅಲ್ಲ.

ಮೊದಲಿನಿಂದ ಹೇಳುತ್ತೇನೆ. ನನಗೆ ತಿಳಿದಿರಲಿಲ್ಲ ಎನ್ನುವ ನೆಪ ನನಗೆ ಸಿಗಬಾರದು, ಅದಕ್ಕೆ.

ಮೂರೂಮುಕ್ಕಾಲು ವರ್ಷದ ಹಿಂದೆ ನಾನು ಹಾವೇರಿಯ ನರ್ಸ್ ಕೆಲಸ ಬಿಟ್ಟು ಇಲ್ಲಿಯ ವೃದ್ಧಾಶ್ರಮದ ಕೆಲಸಕ್ಕೆ ಬಂದ ಹೊಸತು. ಸೂಟ್‌ಕೇಸಿನಲ್ಲಿ ನಮ್ಮ ಮಿಕ್ಸರ್ ತಂದಿದ್ದೆ. ಶೇಂಗಾ ಹುರಿದು, ಬೆಳ್ಳುಳ್ಳಿ ಖಾರ ಹಾಕಿ ತಿರುವಿದರೆ ಅದು ಜ್ವರ ಬಂದವರ ಹಾಗೆ ಮುಲುಗಿತೇ ಹೊರತು ಒಂದು ಕಾಳೂ ಒಡೆಯಲಿಲ್ಲ. ನಿಮಗೆ ಫೋನ್ ಮಾಡಿದೆ. ನೀವು ನಕ್ಕಿರಿ. "ಅಲ್ಲಿ ಗ್ವಾಡ್ಯಾಗ ಬರೋದು ನೂರ ವೋಲ್ಟ್. ನಮ್ಮ ಸಾಮಾನಿಗೆ ಎರಡನೂರ ಮೂವತ್ತು ಬೇಕು. ಅರ್ಧ ಹೊಟ್ಟಿಗೂ ಸಾಲಂಗಿಲ್ಲ ಅದಕ್ಕ" ಎಂದಿರಿ. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದಿರಿ: "ಇಲ್ಲಿದು ಅಲ್ಲಿಗೆ ಒಯ್ದರ ಬರೇ ಸೊರಗತೈತಿ. ಅಲ್ಲಿದು ಇಲ್ಲಿಗೆ ತಂದು ಹಚ್ಚಿದ್ರ ಸುಡತೈತಿ. ನೆನಪ ಇಟ್ಕೋ." ನೆನಪು ಇಟ್ಟುಕೊಂಡಿದ್ದೆ. ಇವತ್ತಿಗೂ ಇದೆ.

ಇಲ್ಲಿ ಚಳಿಗಾಲಕ್ಕೆ ಎದೆಮಟ್ಟ ಹಿಮ ಬೀಳುತ್ತದೆ. ಮುದುಕರ ಕಾಲಿಗೆ ಒಂದು ದಪ್ಪ ಬಟ್ಟೆಯ ಚೀಲ ಹಾಕುತ್ತೇವೆ. ಒಳಗೆ ತಂತಿ, ಕರೆಂಟಿಗೆ ಹಚ್ಚಿದರೆ ಹದವಾಗಿ ಬೆಚ್ಚಗಾಗುತ್ತದೆ. ಅದನ್ನು ಕಂಡಾಗಲೆಲ್ಲ ಅತ್ತೆಯ ಕಾಲು ನೆನಪಾಗುತ್ತಿತ್ತು. ಸಕ್ಕರೆ ಕಾಯಿಲೆ ಬಂದಮೇಲೆ ಅವರಿಗೆ ಕಾಲು ತಣ್ಣಗಿರುವುದಷ್ಟೇ ಅಲ್ಲ, ಮುಳ್ಳು ಚುಚ್ಚಿದರೂ ತಿಳಿಯದಷ್ಟು ಜೋಮು. ಈ ವರ್ಷ ಜನವರಿಯಲ್ಲಿ ರಜೆಗೆ ಬರುವಾಗ ಒಂದು ಚೀಲ ತಂದೆ. ನೀವು ಅದನ್ನು ತಿರುವಿ ಹಿಂದಿನ ಚೀಟಿ ಓದಿದಿರಿ. ಒಂದು ಮಾತೂ ಬೈಯಲಿಲ್ಲ. ಅಂಗಡಿಗೆ ಹೋಗಿ ಎರಡು ದಿನದಲ್ಲಿ ಕರೆಂಟ್ ಇಳಿಸುವ ಒಂದು ಕಬ್ಬಿಣದ ಡಬ್ಬಿ ಮಾಡಿ ತಂದಿರಿ. ಡಬ್ಬಿಯನ್ನು ಗೋಡೆಯ ಸಾಕೆಟ್ಟಿಗೆ ಹಾಕಿ, ಚೀಲದ ಪ್ಲಗ್ಗನ್ನು ಡಬ್ಬಿಗೆ ಹಾಕಿ, ಮನೆಮಂದಿಯನ್ನೆಲ್ಲ ನಿಲ್ಲಿಸಿಕೊಂಡು ಹೇಳಿದಿರಿ: "ಇದರಾಗಿಂದನ ಹಚ್ಚಬೇಕು. ಚೀಲಾನ ಸೀದಾ ಗ್ವಾಡಿಗೆ ಹಚ್ಚಬ್ಯಾಡ್ರಿ."

ಅತ್ತೆ ಕಾಲು ಒಳಗಿಟ್ಟು, "ಯಾರರ ಮಡಿಲಾಗ ಕಾಲ ಇಟ್ಕೊಂಡಂಗ ಆಗತೈತಿ" ಅಂದರು. ಆ ಸಂಜೆ ನಾವು ನಾಲ್ಕೂ ಜನ ಎಷ್ಟು ನಕ್ಕೆವು.

ಡಬ್ಬಿ ಒಂದಷ್ಟು ಗುಂಯ್‌ಗುಡುತ್ತಿತ್ತು. ಅತ್ತೆಗೆ ಆ ಸದ್ದು ಸೇರುತ್ತಿರಲಿಲ್ಲ. ಅದಕ್ಕೇ ಜನವರಿ ಇಪ್ಪತ್ತಮೂರು, ಗುರುವಾರ ಬೆಳಿಗ್ಗೆ ನೀವು ಅದನ್ನು ಅಂಗಡಿಗೆ ಒಯ್ದು, ತಗಡುಗಳನ್ನು ಬಿಗಿ ಮಾಡಿ ತಂದಿರಿ. ಗೋಡೆಗೆ ಡಬ್ಬಿ, ಡಬ್ಬಿಗೆ ಚೀಲ, ಎಲ್ಲ ಸರಿಯಾಗಿ ಹಾಕಿ ಹೋದಿರಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ನೀವು ಮರೆತಿರಲಿಲ್ಲ.

ಹನ್ನೊಂದು ಗಂಟೆಗೆ ನನಗೆ ಇಲ್ಲಿಯ ಕಚೇರಿಯಿಂದ ಫೋನ್ ಬರುವುದಿತ್ತು. ಮೂರು ವರ್ಷದ ಕರಾರು ಮುಗಿಯುತ್ತಿತ್ತು. ಮಾರ್ಚಿಗೆ ಬಂದುಬಿಡುತ್ತೇನೆ ಎಂದು ನಿಮಗೂ ಮಗಳಿಗೂ ಮಾತು ಕೊಟ್ಟಿದ್ದೆ. ಆದರೆ ಇನ್ನೆರಡು ವರ್ಷ ಇರುತ್ತೀಯಾ ಎಂದು ಅವರು ಡಿಸೆಂಬರಿನಲ್ಲಿಯೇ ಕೇಳಿದ್ದರು. ಹೂಂ ಅನ್ನುವ ಮನಸ್ಸು ನನಗಿತ್ತು. ನಿಮಗೆ ಹೇಳಿರಲಿಲ್ಲ.

ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಪಡಸಾಲೆಯಲ್ಲಿ ಇರುವುದು ಒಂದೇ ಸಾಕೆಟ್ಟು, ಅದೂ ಅತ್ತೆಯ ಮಂಚದ ಪಕ್ಕ. ಸುತ್ತಿದ್ದ ಟೇಪು ಹರಿದು ನಿಮ್ಮ ಡಬ್ಬಿಯನ್ನು ಕಿತ್ತು ಮಂಚದ ಕೆಳಗೆ ಸರಿಸಿದೆ. ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಫೋನ್ ಚಾರ್ಜಿಗಿಟ್ಟೆ. ಫೋನ್ ಬಂತು. ಮಾತಿನ ನಡುವೆ ಅತ್ತೆ, "ಯವ್ವಾ, ಕಾಲ ತಣ್ಣಗಾಗ್ಯಾವ" ಅಂದರು. ನನ್ನ ಕಿವಿ ಫೋನಿನಲ್ಲಿತ್ತು. ಚೀಲಕ್ಕೆ ಅವರ ಕಾಲು ತುರುಕಿ, ಪ್ಲಗ್ಗನ್ನು ಕೈಗೆ ಸಿಕ್ಕ ಬೋರ್ಡಿಗೇ ಚುಚ್ಚಿದೆ. ಜಪಾನಿನ ಚಪ್ಪಟೆ ಕಡ್ಡಿಗಳು, ಎಲ್ಲ ದೇಶದ ಪ್ಲಗ್ಗೂ ಹಿಡಿಸುವ ಆ ಬೋರ್ಡಿನ ತೂತಿಗೆ ತಡೆಯಿಲ್ಲದೆ ಹೋಗುತ್ತವೆ. ಎಲ್ಲಿಯಾದರೂ ಸಿಕ್ಕಿಕೊಂಡಿದ್ದರೆ ನನಗೆ ಎಚ್ಚರ ಆಗುತ್ತಿತ್ತೇನೋ. ಆ ತೂತಿನ ಸ್ವಿಚ್ ಒತ್ತಲು ಬಗ್ಗುವಷ್ಟರಲ್ಲಿ ಆಚೆಯ ದನಿ ಕಡಿದುಕಡಿದು ಬರತೊಡಗಿತು. ಫೋನ್ ಕಿತ್ತುಕೊಂಡು ನುಜಹತ ಆಪಾರ ಮಾಳಿಗೆಗೆ ಓಡಿದೆ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಅಲ್ಲಿ ನಿಂತು ಹೂಂ ಅಂದೆ. ಅಂದಮೇಲೆ ನಿಮ್ಮ ಮುಖ ನೋಡುವ ಧೈರ್ಯವಾಗದೆ ಮಧ್ಯಾಹ್ನ ಕಳೆಯುವತನಕ ಅಲ್ಲೇ ಕೂತೆ.

ಆಗ ಮನೆಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು: ನೀವು ಊಟಕ್ಕೆ ಬಂದಿರಿ. "ಸ್ವಿಚ್ ಹಾಕಪಾ" ಎಂದು ಅತ್ತೆ ಹೇಳಿದರು. ಬೋರ್ಡಿನ ಮೇಲೆ ಅವರು ಹೊದ್ದ ಕೌದಿ ಇಳಿಬಿದ್ದಿತ್ತು. ನೀವು ಕೈ ಹಾಕಿ ಸ್ವಿಚ್ ಒತ್ತಿ, ಉಂಡು, ಅಂಗಡಿಗೆ ಹೋದಿರಿ. ಅತ್ತೆಗೆ ಮಂಪರು ಹತ್ತಿತು. ಬಿಸಿ ಏರಿದ್ದು ಆ ಕಾಲಿಗೆ ತಿಳಿಯಲೇ ಇಲ್ಲ.

ನಾನು ಮಾಳಿಗೆ ಇಳಿದು ಬಂದಾಗ ಬಾಗಿಲಲ್ಲೇ ವಾಸನೆ ಬಂತು. ಮೊದಲು ಪ್ಲಾಸ್ಟಿಕ್ಕಿನದು ಅಂದುಕೊಂಡೆ. ಅದನ್ನು ಬರೆಯಲಾರೆ, ನೀವೂ ಆ ಕಾಲನ್ನು ನೋಡಿದ್ದೀರಿ. ಪ್ಲಗ್ ಕಿತ್ತೆ, ನೀರು ಸುರಿದೆ, ಕೂಗಿದೆ. ನೀವು ಓಡಿ ಬಂದಿರಿ. ಸವಣೂರು, ಅಲ್ಲಿಂದ ಹುಬ್ಬಳ್ಳಿ. ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು, ಇದು ಹೇಗಾಯಿತು, ಯಾರು ಹಚ್ಚಿದ್ದು ಎಂದು ಕೇಳಿದರು. ನೀವು ಅರೆಗಳಿಗೆಯೂ ತಡೆಯದೆ, "ನಂದ ತಪ್ಪ್ರಿ. ಡಬ್ಬಿ ಹಚ್ಚೋದು ಮರ್ತೆ" ಅಂದುಬಿಟ್ಟಿರಿ. ನಾನು ನಿಮ್ಮ ಹೆಗಲ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ. ಆಗಲೇ ನೀವು ನನ್ನ ಕಡೆ ತಿರುಗಿ, "ನೀ ಎಲ್ಲಿದ್ದಿ?" ಎಂದು ಕೇಳಿದಿರಿ. "ಮುಂಜಾನಿಂದ ನುಜಹತ ಆಪಾರ ಮನ್ಯಾಗ ಇದ್ದೇರಿ" ಅಂದೆ.

ಇಷ್ಟೇ. ಒಂದೇ ಸುಳ್ಳು. ಪ್ಲಗ್ ಹಾಕಿದ್ದು ನಾನು ಎಂದಿದ್ದರೆ ಯಾಕೆ ಕಿತ್ತೆ ಎಂದು ಕೇಳುತ್ತಿದ್ದಿರಿ, ಯಾರ ಫೋನ್ ಎಂದು ಕೇಳುತ್ತಿದ್ದಿರಿ. ಇನ್ನೆರಡು ವರ್ಷ ಇರುವ ಮಾತನ್ನು ಮುಚ್ಚಲು ನಿಮ್ಮ ಹೆಸರನ್ನು ಬಲಿ ಕೊಟ್ಟೆ. ಅತ್ತೆಯ ಎಡಗಾಲಿನ ಎರಡು ಬೆರಳು ತೆಗೆದರು. ಊರಿನವರು, ತಾಯಿಯ ಕಾಲು ಸುಟ್ಟವನು ನಮ್ಮ ಮೋಟರ್ ಏನು ಕಟ್ಟುತ್ತಾನೆ ಎಂದು ನಿಮ್ಮ ಮುಂದೆಯೇ ಆಡಿಕೊಂಡರು. ನಾನು ಫೆಬ್ರವರಿಯಲ್ಲಿ ವಿಮಾನ ಹತ್ತಿದೆ. ಮಾರ್ಚಿನಲ್ಲಿ, ಇಲ್ಲಿಯವರು ನನ್ನನ್ನು ಬಿಡುತ್ತಿಲ್ಲ ಎಂದು ಫೋನಿನಲ್ಲಿ ನಿಮ್ಮ ಮುಂದೆ ಅತ್ತುಬಿಟ್ಟೆ. ಅದೂ ಸುಳ್ಳು. ಇವರು ಎಂದೂ ನನ್ನನ್ನು ಕಟ್ಟಿ ಹಾಕಿಲ್ಲ.

ಯಾಕೆ ಇರಬೇಕು ಅನ್ನಿಸಿತು ಎಂದು ನೀವು ಕೇಳಿದರೆ, ಮಗಳ ಓದಿಗಾಗಿ ಎಂದು ಹೇಳುವುದು ಸುಲಭ. ಪೂರ್ತಿ ನಿಜವಲ್ಲ. ನನಗೆ ಇಲ್ಲಿ ಹಿಡಿಸಿತ್ತು. ಕೆಲಸ ಕಲಿತೆ, ಭಾಷೆ ಕಲಿತೆ. ಹೊಸದಾಗಿ ಬಂದ ಹುಡುಗಿಯರಿಗೆ ನನ್ನನ್ನು ಕೇಳಿ ಕಲಿಯಿರಿ ಅನ್ನುತ್ತಾರೆ. ನಾನು ಯಾವ ಓಣಿಯವಳು ಎಂದು ಯಾರೂ ಕೇಳುವುದಿಲ್ಲ. ನಿಮಗೆ ಅಂಗಡಿ ಏನಾಗಿತ್ತೋ ನನಗೆ ಇದು ಅದೇ ಆಗಿತ್ತು. ನೇರವಾಗಿ ಹೇಳಿದ್ದರೆ ನೀವು ತಿಳಿದುಕೊಳ್ಳುತ್ತಿದ್ದಿರಿ. ಹೇಳದೆ ನಿಮ್ಮದನ್ನು ಕಿತ್ತುಕೊಂಡೆ.

ನಿನ್ನೆ ಬೆಳಿಗ್ಗೆ ಒಂದು ಪ್ರಸಂಗ ನಡೆಯಿತು. ಮುರಾತಾ ಎಂಬ ತೊಂಬತ್ತೊಂದರ ಅಜ್ಜಿಯನ್ನು ನಾನು ನೋಡಿಕೊಳ್ಳುತ್ತೇನೆ. ಗಾಲಿಕುರ್ಚಿಯ ಬ್ರೇಕ್ ಹಾಕದೆ ಟವೆಲ್ ತರಲು ತಿರುಗಿದೆ. ಕುರ್ಚಿ ಹಿಂದೆ ಸರಿದು ಅಜ್ಜಿ ನೆಲಕ್ಕೆ ಜಾರಿದರು. ಮೊಣಕೈ ಕಂದಿತು, ಅಷ್ಟೇ. ಇಲ್ಲಿ ಇಂಥದೇನಾದರೂ ಆದರೆ ಅದೇ ಹೊತ್ತಿನಲ್ಲಿ ಬರೆದುಕೊಡಬೇಕು, ಏನಾಯಿತು, ಯಾರಿಂದ ಆಯಿತು ಎಂದು. ನಾನು ಬರೆದೆ: ಬ್ರೇಕ್ ಹಾಕಲಿಲ್ಲ, ನಾನೇ ಹಾಕಲಿಲ್ಲ. ನಮ್ಮ ಮುಖ್ಯಸ್ಥೆ ಓದಿ ಮೊಹರು ಒತ್ತಿದರು. ಸಂಜೆ ಅಜ್ಜಿಯ ಮಗ ಬಂದರು. ಅವರ ಮುಂದೆ ತಲೆ ಬಗ್ಗಿಸಿ ನಾನೇ ಹೇಳಿದೆ. ಅವರು, ಹೇಳಿದ್ದಕ್ಕೆ ಉಪಕಾರ ಅಂದರು. ಕೋಣೆಗೆ ಬಂದು ಕೂತೆ. ಯಾರದೋ ತಾಯಿಯ ಮೊಣಕೈ ಕಂದಿದ್ದಕ್ಕೆ, ನನ್ನದಲ್ಲದ ಭಾಷೆಯಲ್ಲಿ, ಒಂದು ಗಂಟೆಯೊಳಗೆ ಬರೆದುಕೊಟ್ಟೆ. ನನ್ನ ಮನೆಯ ತಾಯಿಗೆ ಆದದ್ದನ್ನು ನನ್ನ ಭಾಷೆಯಲ್ಲಿ ಹೇಳಲು ಹತ್ತು ತಿಂಗಳ ಮೇಲಾಯಿತು.

ಕ್ಷಮಿಸಿ ಎಂದು ಬರೆಯುವುದಿಲ್ಲ. ಅದು ನಿಮಗೆ ಬಿಟ್ಟದ್ದು. ನೀವು ಇದನ್ನು ಉಸ್ತಾದರಿಗೆ ತೋರಿಸಿ, ಊರಿಗೆಲ್ಲ ಓದಿ ಹೇಳಿ, ನನ್ನ ಅಭ್ಯಂತರ ಇಲ್ಲ. ಅತ್ತೆಗೆ ನೀನೇ ಹೇಳು ಅಂದರೆ ಹಾಗೆ ಮಾಡುತ್ತೇನೆ. ಬಂದುಬಿಡು ಅಂದರೆ ಬರುತ್ತೇನೆ. ಅಂಗಡಿಯ ಬೋರ್ಡನ್ನು ಮಾತ್ರ ಮತ್ತೆ ಹಚ್ಚಿ. ನಿಮ್ಮ ಕೈ ತಪ್ಪಿರಲಿಲ್ಲ.

ಇಂತು,
ಯಶೋಧರಾ


ಹತ್ತಿಮತ್ತೂರು
೨೯ ಡಿಸೆಂಬರ್ ೨೦೨೫

ಯಶೋಧರಾಗೆ,

ಜೈ ಭೀಮ್. ನಿನ್ನ ಕಾಗದ ಮುಟ್ಟಿತು. ನನಗೆ ಕಾಗದ ಬರೆದು ರೂಢಿಯಿಲ್ಲ. ತಿಳಿದಂತೆ ಬರೆಯುತ್ತೇನೆ.

ಉಸ್ತಾದರು ಕರೆ ಕಳಿಸಿದ್ದರು. ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಓದಿದೆ, ಇನ್ನೊಮ್ಮೆ ಓದಿದೆ. "ಏನಾತೋ, ಮಗಾ?" ಎಂದು ಅವರು ಕೇಳಿದರು. ಏನೂ ಇಲ್ಲ ಎಂದು ಎದ್ದು ಬಂದೆ. ಬಸ್ ಹತ್ತಲು ಮನಸ್ಸಾಗಲಿಲ್ಲ. ಹತ್ತಿಮತ್ತೂರಿನ ತನಕ ನಡೆದೇ ಬಂದೆ. ಸಿಟ್ಟು ಬಂದಿತ್ತು. ಈಗಲೂ ಇದೆ. ನೀನು ಪ್ಲಗ್ ತಪ್ಪಾಗಿ ಹಾಕಿದ್ದಕ್ಕೆ ಅಲ್ಲ. ಅಂಥ ತಪ್ಪನ್ನು ನಾನು ದಿನಾ ನೋಡುತ್ತಿದ್ದವನು, ಅದಕ್ಕೇ ಜನ ನನ್ನ ಅಂಗಡಿಗೆ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಬಾಯಿ ತೆರೆದು ಮುಚ್ಚಿದೆಯಲ್ಲ, ಅದಕ್ಕೆ.

ಮೂರನೆಯ ದಿನ ಮಧ್ಯಾಹ್ನ ಉಣ್ಣುವಾಗ ಅವ್ವನಿಗೆ ಹೇಳಿದೆ, ಡಬ್ಬಿ ಕಿತ್ತದ್ದು ಯಶೋಧರಾ ಅಂತ. ಅವ್ವ ತುತ್ತು ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನಂಗ ಗೊತ್ತಿತ್ತಪಾ. ಆಕಿ ಕಿತ್ತಿದ್ದು ನಾ ನೋಡೇನಿ. ತಿರುಗಿ ಹಚ್ಚ್ಯಾಳ ಅಂತ ತಿಳಕೊಂಡಿದ್ದೆ" ಅಂದಳು.

"ಗೊತ್ತಿದ್ದೂ ಸುಮ್ಮನ ಕುಂತೇನು? ಊರ ಮಂದಿ ನನ್ನ ಮಾರಿಗೆ ಉಗುಳಿದ್ರಲ್ಲ!"

"ಹೇಳಿದ್ರ ನೀ ಆಕೀನ ಬಿಟ್ಟುಬಿಡ್ತಿದ್ದಿ. ಸಂಘೀಗೆ ತಾಯಿ ಬ್ಯಾಡೇನು? ಆಕಿ ಬೇಕಂತ ಮಾಡಿಲ್ಲ. ಯಾರ ಕೂಡನೋ ನಕ್ಕೋಂತ ಮಾತಾಡಾಕತ್ತಿದ್ಲು. ಆಕಿ ಹಂಗ ನಕ್ಕಿದ್ದು ನಾ ಬಾಳ ದಿನದಿಂದ ನೋಡಿರಲಿಲ್ಲ. ನೀ ಗಂಡಸು, ತಡಕೋತಿ ಅನ್ಕೊಂಡೆ. ನೀ ಅಂಗಡಿನ ಮುಚ್ಚತಿ ಅಂತ ನಾ ಏನ ಕಂಡಿದ್ದೆ?"

ನಾನು ತಾಟು ಸರಿಸಿ ಕೂಗಾಡಿದೆ. ಅವ್ವನ ಮೇಲೆ ಅಷ್ಟು ಕೂಗಿದ್ದು ಇದೇ ಮೊದಲು. ಸಂಘಮಿತ್ರಾ ಒಳಗಿನಿಂದ ಬಂದು ಬಾಗಿಲಿಗೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಅವ್ವ ಸುಳ್ಳು ಯಾಕ ಹೇಳಿದ್ಲು?" ಎಂದು ನಿನ್ನ ಬಗ್ಗೆ ಕೇಳಿದಳು. ನನಗೆ ಗೊತ್ತಿಲ್ಲ, ಅವಳನ್ನೇ ಕೇಳು ಅಂದೆ. ಎಂಟನೆಯ ತರಗತಿಯ ಹುಡುಗಿ, ಚಿಕ್ಕವಳಲ್ಲ. ಈ ಕಾಗದ ಮುಟ್ಟಿದ ಮೇಲಿನ ಭಾನುವಾರ ಫೋನ್ ಮಾಡು. ನನ್ನ ಜೊತೆ ಅಲ್ಲ, ಅವಳ ಜೊತೆ ಮಾತಾಡು. ಮಗಳ ಓದಿಗಾಗಿ ಇದ್ದೆ ಎಂದು ಅವಳಿಗೆ ಹೇಳಬೇಡ. ನನಗೆ ಬರೆದದ್ದನ್ನೇ ಹೇಳು. ಕೆಲಸ ಹಿಡಿಸಿತು, ಅದಕ್ಕೆ ಇದ್ದೆ ಎಂದರೆ ಅವಳಿಗೆ ತಿಳಿಯುತ್ತದೆ. ನನಗೂ ತಿಳಿಯಿತು.

ಬಾ ಎಂದು ನಾನು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಕರಾರು ಮುಗಿಸಿ ಬರುವುದಾದರೆ ಮುಗಿಸು. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಮೊದಲು ಗೊತ್ತಾಗಬೇಕು, ನುಜಹತ ಆಪಾರ ಮಾಳಿಗೆಗೆ ಅಲ್ಲ.

ಊರಲ್ಲಿ ನಾನು ಯಾರಿಗೂ ಬಾಯಿ ಬಿಡಲಿಲ್ಲ. ಅವ್ವನೇ ಬಿಟ್ಟಳು. ಮರುದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಹೋಗಿಬರುವವರನ್ನೆಲ್ಲ ಕರೆದು, "ನನ್ನ ಮಗ ಏನೂ ಮರ್ತಿಲ್ಲ. ಆವತ್ತ ಪ್ಲಗ್ ಬದಲಿ ಮಾಡಿದ್ದು ಸೊಸಿ, ಅವಸರದಾಗ ಮಾಡ್ಯಾಳ. ಇದ್ದದ್ದ ಇದ್ದಂಗ ಹೇಳಾಕತ್ತೇನಿ, ಇನ್ನ ನಮ್ಮ ಮನಿ ಮಾತು ಸಾಕ ಮಾಡ್ರಿ" ಅಂದಳು. ಓಣಿಯ ಶಾರವ್ವ ಏನೋ ಮಾತು ತೆಗೆಯಲು ಹೋದಳಂತೆ, ಅವ್ವ ಅವಳ ಬಾಯಿ ಮುಚ್ಚಿಸಿದಳಂತೆ. ನಿನ್ನ ಹೆಸರೂ ಊರಿನ ಬಾಯಿಗೆ ಬಿದ್ದಿದೆ. ಬಂದಾಗ ಕೇಳಿಸಿಕೊಳ್ಳಬೇಕಾದೀತು. ತಯಾರಾಗಿರು.

ಮೊನ್ನೆ ನಮ್ಮ ಹಳೆಯ ಗಿರಾಕಿ ಉಳಿವೆಪ್ಪ ಕಾಕಾ ಐದು ಎಚ್‌ಪಿಯ ಮೋಟರ್ ಒಂದನ್ನು ಗಾಡಿಯಲ್ಲಿ ಹೇರಿಕೊಂಡು ಮನೆಗೇ ಬಂದ. "ಹೊಲ ಒಣಗಾಕತ್ತೈತಿ, ನಾಳೆ ಸಂಜಿಕ ಬೇಕು" ಎಂದು ಅಂಗಳದಲ್ಲಿ ಇಳಿಸಿ ಹೋದ. ಹಿತ್ತಲಲ್ಲಿ ಕೂತು ಹಳೆಯ ತಂತಿ ಬಿಚ್ಚಿದೆ. ಸುಟ್ಟ ವಾರ್ನಿಶ್ಶಿನ ವಾಸನೆ ಬಂದಾಗ ಒಂದು ಗಳಿಗೆ ಎದ್ದು ಹೊರಗೆ ಹೋದೆ. ತಿರುಗಿ ಬಂದು ಕಟ್ಟಿದೆ. ಹೇಳಿದ ಹೊತ್ತಿಗೆ ಕೊಟ್ಟೆ. ಬೋರ್ಡನ್ನು ಇನ್ನೂ ಹಚ್ಚಿಲ್ಲ. ಗೋದಾಮಿನವರಿಗೆ ಸಂಕ್ರಾಂತಿ ತನಕ ಬರುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ, ಅಲ್ಲಿಯವರೆಗೆ ಹೋಗುತ್ತೇನೆ. ಆಮೇಲೆ ನೋಡೋಣ.

ಅವ್ವ ಕೋಲು ಹಿಡಿದು ನುಜಹತ ಆಪಾರ ಮನೆತನಕ ನಡೆಯುತ್ತಾಳೆ. ಗಾಯ ಪೂರ್ತಿ ಮಾಗಿದೆ. ಚಳಿಗೆ ನೀನು ಅಲ್ಲಿ ಹುಷಾರಾಗಿರು.

ಫಕ್ಕೀರೇಶ

ತಾ.ಕ.: ಒಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಈ ಕಾಗದವನ್ನು ಹಾಗೇ ಇಟ್ಟುಕೊಂಡಿದ್ದೆ. ನಾನು ಮರೆತಿಲ್ಲ ಅನ್ನುವುದು ನನಗೆ ಆವತ್ತೇ ಗೊತ್ತಿತ್ತು. ಡಬ್ಬಿ ಹಾಕಿದಮೇಲೆ ಯಾರೂ ಕೀಳಬಾರದು ಎಂದು ಗೋಡೆಗೂ ಪ್ಲಗ್ಗಿಗೂ ಸೇರಿಸಿ ಕರಿ ಟೇಪು ಸುತ್ತಿದ್ದೆ. ಆಮೇಲೆ ನೋಡಿದರೆ ಟೇಪು ಹರಿದಿತ್ತು. ಡಬ್ಬಿ ಗುಂಯ್‌ಗುಡುತ್ತದೆ ಎಂದು ಅವ್ವ ಅದಕ್ಕೂ ಮೊದಲು ಎರಡು ಸಲ ಕಿತ್ತಿಟ್ಟಿದ್ದಳು, ನಿನಗೆ ಹೇಳಿರಲಿಲ್ಲ. ಈ ಸಲವೂ ಅವಳೇ ಕಿತ್ತು ಚೀಲವನ್ನು ಬೋರ್ಡಿಗೆ ಹಚ್ಚಿಕೊಂಡಿದ್ದಾಳೆ ಅಂದುಕೊಂಡೆ. ತನ್ನ ಕಾಲನ್ನು ತಾನೇ ಸುಟ್ಟುಕೊಂಡೆ ಎಂದು ಆ ಮುದುಕಿಗೆ ಯಾರು ಹೇಳಬೇಕು? ಅದಕ್ಕೇ ಡಾಕ್ಟರಿಗೆ ನಾನು ಮರೆತೆ ಅಂದೆ. ಹಾಗಂದ ಮೇಲೆ ಜನ ಮೋಟರ್ ತರುವುದು ನಿಂತಿತು, ಅಂಗಡಿ ಮುಚ್ಚಿತು. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಆಪಾಗೆ ಹೇಳಿದ್ದು, ಅವರು ಆವತ್ತಿನ ಬಗ್ಗೆ ಮುಂದೆ ಏನೂ ಕೇಳದಿರಲಿ ಅಂತ. ಅವ್ವನಿಗೆ ಇದು ಯಾವುದೂ ಗೊತ್ತಿಲ್ಲ. ನೀನು ಬಂದಮೇಲೆ, ಮೂವರೂ ಕೂತಾಗ ಹೇಳುತ್ತೇನೆ.